ಸುರಾಹಿಯ ಕೊರಳಿನ ಬೆಳ್ಳಿ ಎಳೆ: ಬೀದರ್‌ನ ಒಂದು ಫೋಟೊ ಶೂಟ್‌ನಲ್ಲಿ ಕ್ಯಾಮೆರಾವನ್ನು ಕಂಪ್ಯೂಟರ್‌ಗೆ ಜೋಡಿಸಿದ ಪ್ರಕರಣ

ಬೀದರ್‌ನ ಹಳೆಯ ಊರಿನಲ್ಲಿ ಮೂರು ತಲೆಮಾರಿನಿಂದ ಬಿದ್ರಿ ಕೆಲಸ ಮಾಡಿಕೊಂಡು ಬಂದಿರುವ ಕುಟುಂಬವೊಂದರ ಮನೆಯಲ್ಲಿ ಮೂರು ದಿನ ನಡೆದ ಫೋಟೊ ಶೂಟ್‌ನ ವಿವರಗಳನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮುದ್ರಿತ ಕ್ಯಾಟಲಾಗ್‌ಗೂ ಆನ್‌ಲೈನ್ ಮಾರಾಟಕ್ಕೂ ಒದಗುವಂತೆ 96 ವಸ್ತುಗಳ ಚಿತ್ರಗಳನ್ನು ತೆಗೆದುಕೊಡುವುದು ನನಗೆ ಒಪ್ಪಿಸಿದ್ದ ಕೆಲಸವಾಗಿತ್ತು. ಕುಟುಂಬದ ಹಿರಿಯರು, ಎಲ್ಲರೂ ಉಸ್ತಾದ್ ಎಂದೇ ಕರೆಯುವ ಕುಶಲಕರ್ಮಿ, ಒಂದೇ ಒಂದು ಷರತ್ತು ಹಾಕಿದ್ದರು: ಬೆಳ್ಳಿಯನ್ನು ಲೋಹದೊಳಗೆ ಕೂರಿಸಲಾಗಿದೆಯೇ ಹೊರತು ಮೇಲೆ ಬಳಿದಿಲ್ಲ ಎಂಬುದು ಚಿತ್ರ ನೋಡಿದವರಿಗೆ ಅನುಮಾನವಿಲ್ಲದೆ ತಿಳಿಯಬೇಕು. 2006ರಲ್ಲಿ ಬಿದ್ರಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದ್ದರೂ, ಕಪ್ಪು ಬಣ್ಣದ ಮೇಲೆ ಬೆಳ್ಳಿ ಬಣ್ಣ ಹಚ್ಚಿದ ಅಗ್ಗದ ವಸ್ತುಗಳ ನಡುವೆ ಅಸಲಿ ಕೆಲಸವನ್ನು ಗುರುತಿಸುವ ಹೊಣೆ ಕೊನೆಗೆ ಕೊಳ್ಳುವವರ ಕಣ್ಣಿನ ಮೇಲೆಯೇ ಬೀಳುತ್ತದೆ. ದೂರದಲ್ಲಿ ಕುಳಿತು ಕೊಳ್ಳುವವರಿಗೆ ಆ ಕಣ್ಣಾಗಬೇಕಾದದ್ದು ಛಾಯಾಚಿತ್ರ.

ಬಿದ್ರಿಯ ಚಿತ್ರ ತೆಗೆಯುವುದು ಏಕೆ ಕಷ್ಟ ಎಂಬುದು ಅದನ್ನು ಮಾಡುವ ಕ್ರಮದಲ್ಲೇ ಅಡಗಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ವಸ್ತುವನ್ನು ಅರದಿಂದ ಉಜ್ಜಿ, ಗೆರೆಗಳು ಎದ್ದು ಕಾಣಲೆಂದು ಮೈಲುತುತ್ತದ ನೀರು ಹಚ್ಚಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಕೈಯಿಂದಲೇ ವಿನ್ಯಾಸ ಬರೆದು, ಉಳಿಯಿಂದ ಕೊರೆದು, ಆ ಕೊರೆತದೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸ ತಾರಕಶಿ, ತಗಡಿನ ಕೆಲಸ ತಹನಿಶಾನ್. ಕಡೆಗೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚಿದಾಗ ಸತುವಿನ ಮೈ ಮಾತ್ರ ಕಡುಗಪ್ಪಾಗಿ, ಬೆಳ್ಳಿ ಹಾಗೆಯೇ ಉಳಿಯುತ್ತದೆ. ಹೀಗಾಗಿ ಕ್ಯಾಮೆರಾದ ಮುಂದೆ ನಿಲ್ಲುವ ವಸ್ತುವಿನಲ್ಲಿ ಬೆಳಕನ್ನು ನುಂಗುವ ಮೈಯೂ, ಸಣ್ಣ ಕನ್ನಡಿಯಂತೆ ಬೆಳಕನ್ನು ಹಿಂದಕ್ಕೆಸೆಯುವ ಎಳೆಗಳೂ ಕೂದಲೆಳೆಯ ಅಂತರದಲ್ಲಿ ಅಕ್ಕಪಕ್ಕ ಇರುತ್ತವೆ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರನ್ನು ನಂಬಿದರೆ ಅದು ಕಪ್ಪನ್ನು ಬೂದಿಯನ್ನಾಗಿಸಿ ಬೆಳ್ಳಿಯನ್ನು ವಿವರವಿಲ್ಲದ ಬಿಳಿಯನ್ನಾಗಿಸುತ್ತದೆ. ಕ್ಯಾಮೆರಾದ ಹಿಂಬದಿಯ 3 ಅಂಗುಲದ ಪರದೆಯಲ್ಲಿ ಈ ಎರಡೂ ದೋಷಗಳು ಕಾಣುವುದಿಲ್ಲ. ಅಲ್ಲಿ ಎಲ್ಲ ಚಿತ್ರಗಳೂ ಚೆನ್ನಾಗಿಯೇ ತೋರುತ್ತವೆ.

ಈ ಕಾರಣಕ್ಕೆ, ವೃತ್ತಿಯಲ್ಲಿ ಟೆದರಿಂಗ್ ಎನ್ನುವ ವಿಧಾನವನ್ನು ಆರಿಸಿಕೊಂಡೆ. ಕ್ಯಾಮೆರಾವನ್ನು ಯುಎಸ್‌ಬಿ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಜೋಡಿಸಿ, ಕ್ಲಿಕ್ಕಿಸಿದ ಪ್ರತಿಯೊಂದು ಚಿತ್ರವೂ ಒಂದೆರಡು ಸೆಕೆಂಡಿನಲ್ಲಿ ದೊಡ್ಡ ಪರದೆಯ ಮೇಲೆ ಬರುವಂತೆ ಮಾಡುವುದು ಇದರ ತಿರುಳು. ಇದಕ್ಕೆ ಬೇಕಾದ ಸಾಫ್ಟ್‌ವೇರ್‌ಗೆ ಕೊರತೆಯಿಲ್ಲ: ಕ್ಯಾನನ್‌ನ ಇಒಎಸ್ ಯುಟಿಲಿಟಿ, ನಿಕಾನ್‌ನ ಎನ್‌ಎಕ್ಸ್ ಟೆದರ್ ಉಚಿತವಾಗಿ ದೊರೆಯುತ್ತವೆ, ಲೈಟ್‌ರೂಮ್ ಕ್ಲಾಸಿಕ್ ಮತ್ತು ಕ್ಯಾಪ್ಚರ್ ಒನ್ ಹಣ ಕೊಟ್ಟು ಪಡೆಯುವಂಥವು, ಲಿನಕ್ಸ್ ಬಳಸುವವರಿಗೆ ಡಾರ್ಕ್‌ಟೇಬಲ್ ಇದೆ. ಒಂದು ಎಚ್ಚರಿಕೆಯನ್ನು ಮಾತ್ರ ಇಲ್ಲಿಯೇ ಹೇಳಿಬಿಡಬೇಕು. ಕ್ಯಾಮೆರಾದೊಡನೆ ಒಂದು ಸಮಯಕ್ಕೆ ಒಂದೇ ಪ್ರೋಗ್ರಾಂ ಮಾತನಾಡಬಲ್ಲದು. ಎರಡು ಪ್ರೋಗ್ರಾಂಗಳು ತೆರೆದಿದ್ದರೆ ಎರಡನೆಯದಕ್ಕೆ ಕ್ಯಾಮೆರಾ ಕಾಣುವುದೇ ಇಲ್ಲ.

ಮೊದಲ ದಿನ

ನಾನೂ ನನ್ನ ಸಹಾಯಕನೂ ಕಲಬುರಗಿಯಿಂದ ರೈಲಿನಲ್ಲಿ ಹೊರಟೆವು. 2017ರಲ್ಲಿ ಬೀದರ್–ಕಲಬುರಗಿ ಮಾರ್ಗ ತೆರೆದ ಮೇಲೆ ಈ ಪ್ರಯಾಣ ಬಹಳ ಹಗುರಾಗಿದೆಯಾದರೂ, ಇಬ್ಬರು ಹೊರಬಹುದಾದಷ್ಟೇ ಸಾಮಾನು ಎಂಬ ಮಿತಿಯಿರುತ್ತದೆ. ಆದ್ದರಿಂದ ಎರಡು ಫ್ಲ್ಯಾಶ್ ದೀಪಗಳು, ಒಂದು ಸಾಫ್ಟ್‌ಬಾಕ್ಸ್, ಟ್ರೈಪಾಡ್, 26 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಮತ್ತು ಲ್ಯಾಪ್‌ಟಾಪ್ ಇಷ್ಟನ್ನೇ ತಂದಿದ್ದೆವು. ದೊಡ್ಡ ಮಾನಿಟರ್ ಮನೆಯವರದು. ಹೆಚ್ಚುವರಿ ಯುಎಸ್‌ಬಿ ಕೇಬಲ್ ತರಲಿಲ್ಲ. ಅಂಗೈಯಗಲದ ಆ ಸುರುಳಿಗೆ ಚೀಲದಲ್ಲಿ ಜಾಗವಿರಲಿಲ್ಲ ಎಂದರೆ ಯಾರೂ ಒಪ್ಪುವಂತಿಲ್ಲ. ಅದರ ಅಗತ್ಯವನ್ನು ನಾನು ಯೋಚಿಸಿರಲಿಲ್ಲ ಎಂಬುದೇ ನಿಜ.

ವಸ್ತುಗಳನ್ನು ಇಡುವ ಮೇಜು ಒಳಕೋಣೆಯಲ್ಲಿತ್ತು. ಮನೆಯವರು ನಡುಮನೆಯಲ್ಲಿ ಕುಳಿತು ಚಿತ್ರಗಳನ್ನು ನೋಡಲಿ ಎಂದು ಲ್ಯಾಪ್‌ಟಾಪ್ ಮತ್ತು ಮಾನಿಟರ್ ಎರಡನ್ನೂ ಅಲ್ಲಿಯೇ ಇರಿಸಿದೆವು. ನಡುವಿನ ದೂರಕ್ಕೆ 5 ಮೀಟರಿನ ಕೇಬಲ್ ಸಾಲದೆ, ಅದಕ್ಕೆ 3 ಮೀಟರಿನ ಎಕ್ಸ್‌ಟೆನ್ಷನ್ ಸೇರಿಸಿ, ತುದಿಯನ್ನು ಒಂದು ಸಣ್ಣ ಯುಎಸ್‌ಬಿ ಹಬ್‌ಗೆ ಚುಚ್ಚಿದೆವು. ಅದೇ ಹಬ್‌ನಲ್ಲಿ ಮೌಸ್ ಇತ್ತು, ಚಿತ್ರಗಳ ಪ್ರತಿಯನ್ನು ತನ್ನಷ್ಟಕ್ಕೆ ತೆಗೆದುಕೊಳ್ಳುವ ಹಾರ್ಡ್ ಡಿಸ್ಕ್ ಇತ್ತು. ಹಬ್‌ಗೆ ಸ್ವಂತ ಅಡಾಪ್ಟರ್ ಇರಲಿಲ್ಲ.

ಅಂದು ಸಂಪರ್ಕ 9 ಬಾರಿ ಕಡಿದುಹೋಯಿತು. ಪ್ರತಿ ಸಲವೂ ಪರದೆಯ ಮೇಲೆ ಕ್ಯಾಮೆರಾ ಸಿಗುತ್ತಿಲ್ಲ ಎಂಬ ಸಂದೇಶ ಬರುತ್ತಿತ್ತು. ಕೇಬಲ್ ಕಿತ್ತು ಮತ್ತೆ ಜೋಡಿಸಿ, ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆದು, ಹಿಂದಿನ ವ್ಯವಸ್ಥೆಗೆ ಮರಳುವುದರಲ್ಲಿ ಹತ್ತು ಹದಿನೈದು ನಿಮಿಷ ಕಳೆಯುತ್ತಿತ್ತು. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಮಾತ್ರ ಉಳಿಸುವಂತೆ ಹೊಂದಿಸಿದ್ದರಿಂದ ಮೊದಲ ಸಲ ಕಡಿದಾಗ ಎರಡು ಚಿತ್ರಗಳು ಎಲ್ಲಿಯೂ ಇಲ್ಲದಂತಾದವು. ಕೂಡಲೇ ಮೆಮೊರಿ ಕಾರ್ಡ್ ಮತ್ತು ಕಂಪ್ಯೂಟರ್ ಎರಡರಲ್ಲೂ ಉಳಿಯುವಂತೆ ಬದಲಿಸಿದೆ. ಸಂಜೆಯ ಹೊತ್ತಿಗೆ ಮುಗಿದದ್ದು 11 ವಸ್ತುಗಳು. ಅವುಗಳನ್ನು ಮಾರಾಟ ನೋಡಿಕೊಳ್ಳುವ ಮನೆಯ ಕಿರಿಯ ಮಗ ನೋಡಿ ಒಪ್ಪಿದ್ದರು.

ಕಾರಣದ ಹುಡುಕಾಟ

ನಾವು ಮೊದಲು ದೂರಿದ್ದು ಕರೆಂಟನ್ನು. ಆ ದಿನ ವಿದ್ಯುತ್ ಹಲವು ಸಲ ಹೋಗಿ ಬಂದಿತ್ತು. ಹೋದಾಗಲೆಲ್ಲ ಫ್ಲ್ಯಾಶ್ ದೀಪಗಳು ನಿಂತು, ನಾವು ಸುಮ್ಮನೆ ಕೂರದೆ ಮುಂದಿನ ವಸ್ತುವನ್ನು ಒರೆಸಿ ಇಡುತ್ತಿದ್ದೆವು. ಕರೆಂಟ್ ಬಂದು ಶಟರ್ ಒತ್ತಿದರೆ ಕ್ಯಾಮೆರಾ ಸಿಗುತ್ತಿರಲಿಲ್ಲ. ವಿದ್ಯುತ್ ಮರಳುವಾಗಿನ ವೋಲ್ಟೇಜ್ ಏರಿಳಿತವೇ ಸಂಪರ್ಕವನ್ನು ಕೆಡಿಸುತ್ತಿದೆ ಎಂದು ಭಾವಿಸಿ, ಸಹಾಯಕ ನೆರೆಮನೆಯಿಂದ ಸ್ಟೆಬಿಲೈಸರ್ ಬೇಡಿ ತಂದ. ಅದರಿಂದ ಏನೂ ಬದಲಾಗಲಿಲ್ಲ.

ರಾತ್ರಿ ಊಟದ ನಂತರ, ಹಗಲು ನೋಟ್‌ಬುಕ್ಕಿನಲ್ಲಿ ಗೀಚಿಟ್ಟಿದ್ದ ಸಮಯಗಳನ್ನು ಮುಂದಿಟ್ಟುಕೊಂಡು ಕುಳಿತೆ. ಸಂಪರ್ಕ ಕಡಿದ ಸಮಯವನ್ನೂ, ಆಗ ಸುತ್ತ ಏನು ನಡೆಯುತ್ತಿತ್ತು ಎಂಬುದನ್ನೂ ಬರೆದಿಡುವ ರೂಢಿ ನನಗೆ ಹಿಂದಿನ ಕೆಲಸಗಳಿಂದ ಬಂದದ್ದು. 9ರಲ್ಲಿ 5 ಬಾರಿ ಅದು ಕರೆಂಟ್ ಹೋಗಿ ಬಂದ ಮೇಲೆ ಆಗಿತ್ತು. 2 ಬಾರಿ ಹಾರ್ಡ್ ಡಿಸ್ಕಿನ ದೀಪ ಮಿನುಗಲು ಶುರುವಾದ ಗಳಿಗೆಯಲ್ಲಿ, 1 ಬಾರಿ ಟ್ರೈಪಾಡ್ ಸರಿಸುವಾಗ. ಉಳಿದ ಒಂದಕ್ಕೆ ಯಾವ ಸಂದರ್ಭವೂ ಹೊಂದಲಿಲ್ಲ. ಒಂದೇ ರೋಗವೆಂದು ನಾವು ತಿಳಿದದ್ದು ಒಂದೇ ಲಕ್ಷಣವಿದ್ದ ಹಲವು ರೋಗಗಳಾಗಿದ್ದವು.

ಮೊದಲ 5 ಪ್ರಸಂಗಗಳಲ್ಲಿ ನನ್ನ ಗಮನ ಸೆಳೆದದ್ದು ಒಂದು ಸರಳ ಸಂಗತಿ: ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಆರಿರಲಿಲ್ಲ, ಅದು ತನ್ನ ಬ್ಯಾಟರಿಗೆ ಬದಲಾಗಿತ್ತಷ್ಟೆ. ಹಾಗಿದ್ದರೆ ವೋಲ್ಟೇಜ್‌ಗೂ ಇದಕ್ಕೂ ಸಂಬಂಧವಿರಲಾರದು. ಪರೀಕ್ಷಿಸಲು, ಮನೆಯಲ್ಲಿ ವಿದ್ಯುತ್ ಇದ್ದಾಗಲೇ ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು, ಕ್ಯಾಮೆರಾವನ್ನು ಮುಟ್ಟದೆ 5 ನಿಮಿಷ ಬಿಟ್ಟು, ನಂತರ ಶಟರ್ ಒತ್ತಿದೆ. ಸಂಪರ್ಕ ಸತ್ತಿತ್ತು. ಮೂರು ಸಲ ಮಾಡಿದರೂ ಅದೇ ಫಲಿತಾಂಶ. ವಿಂಡೋಸ್‌ನಲ್ಲಿ ಕೆಲಸವಿಲ್ಲದೆ ಸುಮ್ಮನಿರುವ ಯುಎಸ್‌ಬಿ ಸಾಧನಗಳನ್ನು ಮಲಗಿಸಿ ವಿದ್ಯುತ್ ಉಳಿಸುವ ಸೆಲೆಕ್ಟಿವ್ ಸಸ್ಪೆಂಡ್ ಎಂಬ ಹೊಂದಿಕೆಯೊಂದಿದೆ. ಪವರ್ ಪ್ಲಾನ್‌ನ ಸುಧಾರಿತ ಹೊಂದಿಕೆಗಳಲ್ಲಿ ಅದಕ್ಕೆ ಎರಡು ಸಾಲುಗಳಿವೆ, ಒಂದು ಚಾರ್ಜರ್‌ಗೆ ಜೋಡಿಸಿದಾಗಿನದು, ಇನ್ನೊಂದು ಬ್ಯಾಟರಿಯ ಮೇಲಿದ್ದಾಗಿನದು. ಕಲಬುರಗಿಯ ನನ್ನ ಕೋಣೆಯಲ್ಲಿ ಲ್ಯಾಪ್‌ಟಾಪ್ ಯಾವಾಗಲೂ ಚಾರ್ಜರ್ ಮೇಲೆಯೇ ಇರುವುದರಿಂದ ನಾನು ಮೊದಲ ಸಾಲನ್ನು ಮಾತ್ರ ನಿಲ್ಲಿಸಿ, ಎರಡನೆಯದನ್ನು ಹಾಗೆಯೇ ಬಿಟ್ಟಿದ್ದೆ. ಕರೆಂಟ್ ಹೋಗುತ್ತಿದ್ದಂತೆ ಎರಡನೆಯ ಸಾಲು ಜಾರಿಗೆ ಬಂದು, ನಾವು ಮುಂದಿನ ವಸ್ತುವನ್ನು ಒರೆಸುತ್ತಿದ್ದ ಆ ಕೆಲವು ನಿಮಿಷಗಳಲ್ಲಿ ಪೋರ್ಟನ್ನು ಮಲಗಿಸುತ್ತಿತ್ತು. ಎಚ್ಚರಗೊಂಡ ಪೋರ್ಟ್ ಕ್ಯಾಮೆರಾದೊಡನೆ ಹಳೆಯ ಸಂವಾದವನ್ನು ಮುಂದುವರಿಸುತ್ತಿರಲಿಲ್ಲ. ಆ ಸಾಲನ್ನೂ ನಿಲ್ಲಿಸಿ ಅದೇ ಪರೀಕ್ಷೆಯನ್ನು ಮತ್ತೆ ಮೂರು ಸಲ ಮಾಡಿದೆ. ಸಂಪರ್ಕ ಉಳಿಯಿತು. ಕ್ಯಾಮೆರಾದೊಳಗಿನ ಆಟೊ ಪವರ್ ಆಫ್ ಹೊಂದಿಕೆಯನ್ನೂ ಆಗಲೇ ತೆಗೆದೆ.

ಹಾರ್ಡ್ ಡಿಸ್ಕಿನ ವಿಷಯ ಸ್ಪಷ್ಟವಾಗಿತ್ತು. ಯುಎಸ್‌ಬಿ 2.0 ಪೋರ್ಟ್ ಒಂದು 500 ಮಿಲಿಆಂಪ್, 3.0 ಪೋರ್ಟ್ ಒಂದು 900 ಮಿಲಿಆಂಪ್ ವಿದ್ಯುತ್ ಒದಗಿಸುವಂತೆ ರೂಪಿತವಾಗಿದೆ. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಆ ಒಂದು ಪೋರ್ಟಿನ ಪಾಲನ್ನೇ ಎಲ್ಲ ಸಾಧನಗಳಿಗೂ ಹಂಚಬೇಕು. ತಿರುಗುವ ಡಿಸ್ಕ್ ಎಚ್ಚರಗೊಂಡಾಗ ಎಳೆಯುವ ವಿದ್ಯುತ್ತಿನಿಂದ ಉಳಿದವುಗಳ ಸಂಪರ್ಕ ತತ್ತರಿಸುವುದು ಸಹಜ. ಹಬ್ ತೆಗೆದು ಕ್ಯಾಮೆರಾವನ್ನು ನೇರವಾಗಿ ಲ್ಯಾಪ್‌ಟಾಪ್‌ಗೆ ಜೋಡಿಸಿದೆ. ಡಿಸ್ಕಿನ ಕೆಲಸವನ್ನು ಸಂಜೆಗೆ ಮುಂದೂಡಿದೆ.

ಕೇಬಲ್ಲಿನ ಉದ್ದದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ತಪ್ಪನ್ನು ಬಹಳಷ್ಟು ಸ್ಟುಡಿಯೊಗಳಲ್ಲಿ ಕಂಡಿದ್ದೇನೆ. ಯುಎಸ್‌ಬಿ 2.0 ವೇಗದಲ್ಲಿ, ನಡುವೆ ಸಂಕೇತವನ್ನು ಬಲಪಡಿಸುವ ಸರ್ಕ್ಯೂಟ್ ಇಲ್ಲದ ಸಾಮಾನ್ಯ ಕೇಬಲ್ಲಿಗೆ 5 ಮೀಟರ್ ಮಿತಿ, 3.0 ವೇಗದಲ್ಲಿ ಸುಮಾರು 3 ಮೀಟರ್ ದಾಟಿದರೆ ಭರವಸೆಯಿಡುವಂತಿಲ್ಲ. ನಮ್ಮದು 8 ಮೀಟರ್ ಇತ್ತು, ಅದರಲ್ಲೂ ನಡುವೆ ಒಂದು ಸಡಿಲವಾದ ಗಂಟು. ಮಿತಿ ಮೀರಿದ ಕೇಬಲ್ ಒಂದೇ ಸಲಕ್ಕೆ ಕೈಕೊಡುವುದಿಲ್ಲ ಎಂಬುದೇ ಅದರ ಅಪಾಯ: ಕೆಲವೊಮ್ಮೆ ಹತ್ತಾರು ಚಿತ್ರಗಳನ್ನು ಸರಿಯಾಗಿ ಸಾಗಿಸಿ, ನಂಬಿಕೆ ಬಂದ ಮೇಲೆ ನಿಲ್ಲುತ್ತದೆ. ಕಾರಣ ಸಿಗದ ಆ ಒಂದು ಪ್ರಸಂಗ ಇದರ ಲೆಕ್ಕಕ್ಕೇ ಸೇರಿರಬೇಕು. ಸಂಕೇತವನ್ನು ಬಲಪಡಿಸುವ ಸರ್ಕ್ಯೂಟ್ ಇರುವ, ಉದ್ದನೆಯ ಆಕ್ಟಿವ್ ಕೇಬಲ್ ಖರೀದಿಸುವುದು ಒಂದು ದಾರಿ. ಆದರೆ ನಿಜಕ್ಕೂ ದೂರ ಇರಬೇಕಾದದ್ದು ಯಾವುದು ಎಂದು ಯೋಚಿಸಿದಾಗ ಅದು ಕಂಪ್ಯೂಟರ್ ಅಲ್ಲ, ಪರದೆ ಮಾತ್ರ ಎಂಬುದು ಹೊಳೆಯಿತು. ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪನ್ನು ಒಳಕೋಣೆಗೆ, ಚಿತ್ರದ ಮೇಜಿನ ಪಕ್ಕಕ್ಕೇ ತಂದು, ಮಾನಿಟರನ್ನು ನಡುಮನೆಯಲ್ಲೇ ಬಿಟ್ಟು, ಅವೆರಡರ ನಡುವೆ ಉದ್ದನೆಯ ಎಚ್‌ಡಿಎಂಐ ಕೇಬಲ್ ಎಳೆದೆವು. ಪರದೆಯ ಕೇಬಲ್ ಒಂದು ಗಳಿಗೆ ಮಿನುಗಿದರೂ ಚಿತ್ರ ಕಳೆಯುವುದಿಲ್ಲ. ಪೇಟೆಯಿಂದ 3 ಮೀಟರಿನ ಹೊಸ ಯುಎಸ್‌ಬಿ ಕೇಬಲ್ ತಂದೆವು. ಮೊದಲು ಕೈಗೆ ಬಂದದ್ದು ಡೇಟಾ ಎಳೆಗಳೇ ಇಲ್ಲದ, ಚಾರ್ಜ್ ಮಾಡಲಷ್ಟೇ ಬರುವ ಕೇಬಲ್ ಆಗಿದ್ದರಿಂದ ಅದನ್ನು ಬದಲಾಯಿಸಬೇಕಾಯಿತು. ಕ್ಯಾಮೆರಾದ ಕಡೆ ಕೇಬಲ್ಲನ್ನು ಟ್ರೈಪಾಡಿನ ಕಾಲಿಗೆ ಕುಣಿಕೆಯಾಗಿ ಕಟ್ಟಿ, ಎಳೆತವೆಲ್ಲ ಆ ಕಟ್ಟಿನ ಮೇಲೆ ಬೀಳುವಂತೆ, ಪೋರ್ಟಿನ ಮೇಲೆ ಬೀಳದಂತೆ ಮಾಡಿದೆವು.

ಇಷ್ಟಾದ ಮೇಲೂ ಕೆಲಸ ಶುರು ಮಾಡದೆ, 10 ಸೆಕೆಂಡಿಗೊಂದರಂತೆ 60 ಚಿತ್ರಗಳನ್ನು ಖಾಲಿ ಮೇಜಿನ ಮೇಲೆ ತೆಗೆದೆವು. ಒಂದು ಚಿತ್ರ ಸುಮಾರು 30 ಮೆಗಾಬೈಟ್. ಸೆಕೆಂಡಿಗೆ 480 ಮೆಗಾಬಿಟ್ ಎಂಬ ಯುಎಸ್‌ಬಿ 2.0ರ ಕಾಗದದ ವೇಗದಲ್ಲಿ ಅದಕ್ಕೆ ಅರ್ಧ ಸೆಕೆಂಡ್ ಸಾಕು. ವಾಸ್ತವದಲ್ಲಿ ಒಂದೂವರೆಯಿಂದ ಎರಡು ಸೆಕೆಂಡ್ ಬೇಕಾಯಿತು. ಅರವತ್ತೂ ಬಂದವು.

ಉಸ್ತಾದ್ ಪರದೆಯ ಮುಂದೆ

ಸಂಪರ್ಕ ಸರಿಹೋದದ್ದರಿಂದಲೇ ಚಿತ್ರಗಳು ಸರಿಹೋಗಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಸುರಾಹಿಯೊಂದರ, ಅಂದರೆ ಉದ್ದ ಕೊರಳಿನ ಹೂಜಿಯೊಂದರ, ಚಿತ್ರ ಮಾನಿಟರ್‌ನಲ್ಲಿದ್ದಾಗ ಕುಲುಮೆಯಿಂದ ಕೈತೊಳೆದು ಬಂದ ಉಸ್ತಾದ್ ಅದರ ಮುಂದೆ ನಿಂತು, ಕನ್ನಡಕ ಏರಿಸಿ, ಕೊರಳಿನ ಜಾಗಕ್ಕೆ ಬೆರಳು ಮಾಡಿ, ತಾರು ಕಡದದ ಎಂದರು. ಕೊರಳನ್ನು ಸುತ್ತುವ ಬಳ್ಳಿ ಒಂದೇ ಎಳೆಯಿಂದ ಕೂರಿಸಿದ್ದು. ಚಿತ್ರದಲ್ಲಿ ಅದು ಒಂದು ಕಡೆ ಅರ್ಧ ಅಂಗುಲದಷ್ಟು ಮಾಯವಾಗಿತ್ತು. ನಾನು ಅದನ್ನು ವಿನ್ಯಾಸದ ಬಿಡುವು ಎಂದುಕೊಂಡಿದ್ದೆ, ಕಿರಿಯ ಮಗನೂ ಹಾಗೆಯೇ. ಉಸ್ತಾದರಿಗೆ ಅದು ಕೆಟ್ಟ ಕೆಲಸದ ಗುರುತು, ಎಳೆ ಸಾಲದೆ ಬಂದು ತುಂಡು ಕೂಡಿಸಿದ ಕೆಲಸಗಾರನ ಗುರುತು.

ವಸ್ತುವನ್ನು ತಂದು ನೋಡಿದೆವು. ಎಳೆ ಅಖಂಡವಾಗಿತ್ತು. ತಪ್ಪು ನನ್ನ ಬೆಳಕಿನಲ್ಲಿತ್ತು. ದುಂಡಗಿನ ಕೊರಳಿನ ಮೇಲಿನ ಬೆಳ್ಳಿ ಉಬ್ಬುಗನ್ನಡಿಯ ಹಾಗೆ ಕೋಣೆಯನ್ನೆಲ್ಲ ತನ್ನೊಳಗೆ ತೋರಿಸುತ್ತದೆ. ವಸ್ತುವಿನ ಅಂಚು ಸ್ಪಷ್ಟವಾಗಲೆಂದು ಎಡಬದಿಗೆ ನಾನು ನಿಲ್ಲಿಸಿದ್ದ ಕಪ್ಪು ರಟ್ಟು ಆ ಜಾಗದ ಬೆಳ್ಳಿಯಲ್ಲಿ ಪ್ರತಿಫಲಿಸಿ, ಅದನ್ನು ಸುತ್ತಲಿನ ಸತುವಿನಷ್ಟೇ ಕಪ್ಪಾಗಿಸಿತ್ತು. ಕಪ್ಪು ಮೈಗೆ ಹಿತವಾದ ರಟ್ಟು ಬೆಳ್ಳಿಗೆ ಮಾರಕವಾಗಿತ್ತು. ಬೆಳಿಗ್ಗೆಯೇ ಇನ್ನೊಂದು ತಪ್ಪನ್ನು ಇದೇ ಪರದೆ ಹಿಡಿದುಕೊಟ್ಟಿತ್ತು: ಎಣ್ಣೆಯ ಹೊಳಪು ಮತ್ತು ಬೆರಳಚ್ಚುಗಳನ್ನು ಅಡಗಿಸಲು ದೀಪದ ಮುಂದೊಂದು, ಲೆನ್ಸಿನ ಮುಂದೊಂದು ಪೋಲರೈಸರ್, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಫಿಲ್ಟರ್, ಅಡ್ಡಡ್ಡ ಕೋನದಲ್ಲಿ ಇರಿಸಿದ್ದೆ. ಮರ, ಬಟ್ಟೆ, ಬಣ್ಣದ ಚಿತ್ರಗಳಿಗೆ ಒಳ್ಳೆಯದಾದ ಈ ಉಪಾಯ ಲೋಹಕ್ಕೆ ಒಗ್ಗುವುದಿಲ್ಲ. ಲೋಹದಿಂದ ಹಿಂದಿರುಗುವ ಬೆಳಕು ತನ್ನ ಧ್ರುವೀಕರಣವನ್ನು ಉಳಿಸಿಕೊಂಡೇ ಬರುವುದರಿಂದ ಲೆನ್ಸಿನ ಪೋಲರೈಸರ್ ಅದನ್ನು ಪೂರ್ತಿ ತಡೆದು, ಬೆಳ್ಳಿಯನ್ನು ಸೀಸದಂತೆ ಮಂಕಾಗಿಸುತ್ತದೆ. ಬೆಳ್ಳಿಯ ಹೊಳಪು ಬೆಳ್ಳಿಯದಲ್ಲ, ಅದು ಪ್ರತಿಫಲನ. ಪ್ರತಿಫಲನವನ್ನು ಅಳಿಸಿದರೆ ಉಳಿಯುವುದು ಬೂದು ಗೆರೆ.

ಕಪ್ಪು ರಟ್ಟಿನ ಬದಲು ಬಿಳಿ ಹಾಳೆಯನ್ನು ಬಾಗಿಸಿ ನಿಲ್ಲಿಸಿ, ಅದರ ಮುಂದೆ ಟ್ರೇಸಿಂಗ್ ಪೇಪರ್ ಇಳಿಬಿಟ್ಟೆವು. ಫ್ಲ್ಯಾಶ್ ಬೆಳಕಿನ ಪರಿಣಾಮ ಲೈವ್ ವ್ಯೂನಲ್ಲಿ, ಅಂದರೆ ಶಟರ್ ಒತ್ತುವ ಮೊದಲು ಪರದೆಯ ಮೇಲೆ ತೋರುವ ದೃಶ್ಯದಲ್ಲಿ, ಕಾಣುವುದಿಲ್ಲವಾದ್ದರಿಂದ ಪ್ರತಿ ಬದಲಾವಣೆಗೂ ಒಂದು ಚಿತ್ರ ತೆಗೆಯಲೇಬೇಕಿತ್ತು. ಉಸ್ತಾದ್ ನಡುಮನೆಯಿಂದಲೇ ಹೇಳುತ್ತಿದ್ದರು, ಸಹಾಯಕ ಹಾಳೆಯನ್ನು ಎರಡು ಬೆರಳಿನಷ್ಟು ಸರಿಸುತ್ತಿದ್ದ, ನಾನು ಒತ್ತುತ್ತಿದ್ದೆ. 14ನೆಯ ಚಿತ್ರದಲ್ಲಿ ಎಳೆ ಕೊರಳನ್ನು ಪೂರ್ತಿ ಸುತ್ತಿತು, ಕಪ್ಪು ಕಪ್ಪಾಗಿಯೇ ಉಳಿಯಿತು. ಕೇಬಲ್ ಇಲ್ಲದಿದ್ದರೆ ಈ 14 ಹೆಜ್ಜೆಗಳು ನಡೆಯುತ್ತಲೇ ಇರಲಿಲ್ಲ ಎಂದು ನಾನು ದೃಢವಾಗಿ ಹೇಳಬಲ್ಲೆ. ಉಸ್ತಾದರು ಕ್ಯಾಮೆರಾದ ಹಿಂದೆ ಬಗ್ಗಿ ಆ ಸಣ್ಣ ಪರದೆಯನ್ನು ನೋಡಿ, ಸೌಜನ್ಯಕ್ಕೆ ಚೆನ್ನಾಗಿದೆ ಎಂದು ಹೊರಟುಹೋಗುತ್ತಿದ್ದರು.

ಆ ಸಂಜೆ ಮೊದಲ ದಿನದ 11 ವಸ್ತುಗಳ ಚಿತ್ರಗಳನ್ನು ಅವರಿಗೆ ಒಂದೊಂದಾಗಿ ತೋರಿಸಿದೆ. 7 ವಸ್ತುಗಳನ್ನು ಮತ್ತೆ ತೆಗೆಯಲು ಹೇಳಿದರು, ಪ್ರತಿಯೊಂದಕ್ಕೂ ಕಾರಣ ಕೊಟ್ಟು. ಟೆದರಿಂಗ್ ಬಗ್ಗೆ ಮಾತನಾಡುವವರು ಅದನ್ನು ಗಿರಾಕಿಗೆ ಸ್ಥಳದಲ್ಲೇ ಚಿತ್ರ ತೋರಿಸುವ ಸೌಲಭ್ಯವೆಂದು ವಿವರಿಸುವುದು ರೂಢಿ. ಅದು ನಿಜವಾದರೂ, ಪರದೆಯ ಮುಂದಿನ ಕುರ್ಚಿಯಲ್ಲಿ ಹಣ ಕೊಡುವವರನ್ನು ಕೂರಿಸುವ ಮೊದಲು ವಸ್ತುವನ್ನು ಮಾಡಿದವರನ್ನು ಕೂರಿಸಬೇಕು ಎಂಬುದು ಈ ಕೆಲಸದ ನಂತರ ನನ್ನ ಅಭಿಪ್ರಾಯ.

ಉಳಿದ ಕೆಲಸ ವೇಗವಾಗಿ ಸಾಗಿತು. ಐಎಸ್‌ಒ 100, ಎಫ್/11, ಮ್ಯಾನುಯಲ್ ಫೋಕಸ್ ಎಂಬ ಹೊಂದಿಕೆಯನ್ನು ಕೊನೆಯವರೆಗೂ ಬದಲಿಸಲಿಲ್ಲ. ಒಂದೇ ಬಗೆಯ ಹೂದಾನಿಗಳು ಕ್ಯಾಟಲಾಗ್‌ನಲ್ಲಿ ಒಂದೇ ಅಳತೆಯಲ್ಲಿ ಕೂರಲೆಂದು, ಮೊದಲ ಹೂದಾನಿಯ ಚಿತ್ರವನ್ನು ಸಾಫ್ಟ್‌ವೇರ್‌ನ ಓವರ್‌ಲೇ ಸೌಲಭ್ಯದಿಂದ ತೆಳುವಾಗಿ ಪರದೆಯ ಮೇಲೆ ಹರಡಿ, ಉಳಿದವನ್ನು ಅದರ ಗೆರೆಗೆ ಸರಿಹೊಂದಿಸಿದೆವು. ವಸ್ತುವಿನ ಸಂಖ್ಯೆಯನ್ನೇ ಕಡತದ ಹೆಸರಾಗಿಸಿದ್ದರಿಂದ ನಂತರ ಹುಡುಕಾಟವಿರಲಿಲ್ಲ. ಮೂರು ದಿನಕ್ಕೆ ಉಳಿಸಿಕೊಂಡ 774 ಚಿತ್ರಗಳು ಸುಮಾರು 23 ಗಿಗಾಬೈಟ್ ಆದವು. ಅವು ಕಾರ್ಡಿನಲ್ಲಿ, ಲ್ಯಾಪ್‌ಟಾಪ್‌ನಲ್ಲಿ, ಡಿಸ್ಕಿನಲ್ಲಿ ಮೂರು ಕಡೆ ಇದ್ದವು. ಎರಡನೆಯ ದಿನ ಬೆಳಿಗ್ಗೆಯಿಂದ ಸಂಪರ್ಕ ಕಡಿದದ್ದು ಒಂದೇ ಸಲ, ಕ್ಯಾಮೆರಾದ ಬ್ಯಾಟರಿ ಮುಗಿದಾಗ. ಕೋಟೆಯ ಗೋಡೆಯ ಹಿನ್ನೆಲೆಯಲ್ಲಿ ತೆಗೆದ ನಾಲ್ಕು ಚಿತ್ರಗಳಿಗೆ ಕೇಬಲ್ ಬಳಸಲಿಲ್ಲ. ಬಿಸಿಲಿನಲ್ಲಿ ಲ್ಯಾಪ್‌ಟಾಪ್‌ನ ಪರದೆ ಕಾಣುವುದಿಲ್ಲ, ನೆಲದ ಮೇಲಿನ ಕೇಬಲ್ ನೋಡಲು ಬಂದವರ ಕಾಲಿಗೆ ತೊಡರುತ್ತದೆ.

ಮೂರನೆಯ ದಿನ ಕಡೆಯದಾಗಿ ಉಳಿದದ್ದು ಹುಕ್ಕಾದ ಬುಡ. ಮೊದಲ ಚಿತ್ರವನ್ನು ಪರದೆಯ ಮೇಲೆ ಪೂರ್ಣ ಗಾತ್ರಕ್ಕೆ ಹಿಗ್ಗಿಸಿದಾಗ ಅದರ ಒಂದು ಬದಿಯಲ್ಲಿ ಅಂಗೈಯಗಲದಷ್ಟು ಕಪ್ಪು ಸ್ವಲ್ಪ ಕಂದಿದ್ದು ಕಂಡಿತು. ಬೆಳಕಿನ ದೋಷವಿರಬಹುದೆಂದು ನಾನು ಹಾಳೆ ಸರಿಸಿ ಇನ್ನೆರಡು ಚಿತ್ರ ತೆಗೆದೆ. ಮಚ್ಚೆ ಜಾಗ ಬದಲಿಸಲಿಲ್ಲ. ಎಡಿಟಿಂಗ್‌ನಲ್ಲಿ ಅದನ್ನು ಸರಿಪಡಿಸುವುದು ಎರಡು ನಿಮಿಷದ ಕೆಲಸವೆಂದು ಹೇಳಿದೆ. ಉಸ್ತಾದ್ ಒಪ್ಪಲಿಲ್ಲ. ವಸ್ತುವನ್ನು ಮೇಜಿನಿಂದ ಎತ್ತಿಕೊಂಡು ಕುಲುಮೆಗೆ ಹೋದರು, ಬಿಸಿ ಮಾಡಿ, ಡಬ್ಬಿಯಲ್ಲಿದ್ದ ಕೋಟೆಯ ಮಣ್ಣನ್ನು ನವಸಾಗರದ ನೀರಿನಲ್ಲಿ ಕಲಸಿ ಮತ್ತೆ ಹಚ್ಚಿದರು, ತೊಳೆದು ಎಣ್ಣೆ ಉಜ್ಜಿದರು. ನಾವು ದೀಪಗಳನ್ನು ಆರಿಸದೆ, ಕೇಬಲ್ ಕೀಳದೆ ಕಾದೆವು. ಮುಕ್ಕಾಲು ಗಂಟೆಯ ನಂತರ ಅದು ಮೇಜಿಗೆ ಮರಳಿದಾಗ ಇನ್ನೂ ಬೆಚ್ಚಗಿತ್ತು. ಶಟರ್ ಒತ್ತಿದ ಎರಡು ಸೆಕೆಂಡಿಗೆ ಚಿತ್ರ ನಡುಮನೆಯ ಪರದೆಗೆ ಬಂತು, ಅಲ್ಲಿಂದ ಉಸ್ತಾದ್ ಸಾಕು ಎಂದು ಕೂಗಿ ಹೇಳಿದರು.